ಎರಡನೆಯ ಬಿಲ್ಲು ಕೇಳಿದವನು ನಾನೇ

ಶಾಂತಕ್ಕಾ, ಆ ಎರಡನೆಯ ಬಿಲ್ಲನ್ನು ನೀವಾಗಿ ಬರೆದುಕೊಡಲಿಲ್ಲ. ನಾನು ಕೇಳಿದ್ದೆ — ಸುಳ್ಳು ಹೇಳಿ ಕೇಳಿದ್ದೆ. ವಿಚಾರಣೆಯಲ್ಲಿ ಮಾತ್ರ, ನೀವು ಪಕ್ಕದಲ್ಲಿ ನಿಂತಿರುವಾಗಲೇ, ಕೇಳಿಲ್ಲ ಎಂದೆ.

ಟಿಕೋಟಾದಲ್ಲಿ ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಬಬಲೇಶ್ವರದ ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ತೊಡೆ ಮುರಿದುಕೊಂಡಾಗ, ಅಪಘಾತದ ಚಿಕಿತ್ಸೆಗೆಂದು ನನ್ನ ಹೆಸರಿನಲ್ಲಿ ಎರಡು ವಿಮಾ ಪಾಲಿಸಿ ಇದ್ದವು — ಒಂದು ನಾನೇ ಮಾಡಿಸಿದ್ದು, ಇನ್ನೊಂದು ಕಾಖಂಡಕಿಯ ನನ್ನ ಭಾವ ಏಜೆಂಟನಾದ ಹೊಸತರಲ್ಲಿ ಬೆನ್ನು ಬಿದ್ದು ಮಾಡಿಸಿದ್ದು. ಅವನ ಫಾರ್ಮಿನಲ್ಲಿ ‘ಬೇರೆ ಪಾಲಿಸಿ ಇದೆಯೇ?’ ಎಂಬ ಒಂದು ಸಾಲು. ಇಲ್ಲ ಎಂದು ಬರೆದೆ. ಯಾಕೆ ಬರೆದೆನೋ! ಇದೆ ಎಂದರೆ ಎರಡೂ ರದ್ದಾಗುತ್ತವೆ ಎಂದು ನಾನೇ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ — ಹೆಡ್ಡ.

ಇಬ್ರಾಹಿಂಪುರದಲ್ಲಿ ನನಗೆ ಚಿಕಿತ್ಸೆಯಾದ ಆ ಸಣ್ಣ ದವಾಖಾನೆಯಲ್ಲಿ ಬಿಲ್ಲು ಬರೆಯುತ್ತಿದ್ದವರು ನೀವು. ಮೊದಲನೆಯದನ್ನು ಒಂದು ಕಂಪನಿಗೆ ಕಳಿಸಿ, ಊರುಗೋಲು ಊರುತ್ತ ನಿಮ್ಮ ಮುಂದೆ ಬಂದು ನಿಂತೆ.

“ಬಿಲ್ಲು ಕಳದೈತ್ರಿ ಅಕ್ಕಾರ, ಇನ್ನೊಂದು ಬರದು ಕೊಡ್ರಿ.”

“ಮೊದಲ ಕುಂದರ್ರಿ ಅಣ್ಣಾರ, ನಿಂತು ತ್ರಾಸ ಮಾಡ್ಕೋಬ್ಯಾಡ್ರಿ,” ಎಂದು ಬರೆದುಕೊಟ್ಟಿರಿ. ಅದು ಎರಡನೆಯ ಕಂಪನಿಗೆ ಹೋಯಿತು.

ಎರಡೂ ಕಂಪನಿಯವರು ಡಾಕ್ಟರಿಗೆ ಪತ್ರ ಬರೆದು ವಿಚಾರಿಸಿದಾಗ ಗುಟ್ಟು ಬಯಲಾಯಿತು. ವಿಮಾ ಕಂಪನಿಯ ಅಧಿಕಾರಿಯೊಬ್ಬರು ದವಾಖಾನೆಗೇ ಬಂದರು. “ಎರಡನೇದ್ದು ನೀವ ಕೇಳಿದ್ರೇನು?” ಎಂದರು ನನಗೆ.

“ಇಲ್ರಿ. ಇವರ ತಾವಾಗಿ ಎರಡು ಬರದು ಕೊಟ್ರು.”

ನೀವು “ಅಣ್ಣಾರ…” ಎಂದಿರಿ. ಅಷ್ಟೇ. ಮರುದಿನದಿಂದ ನಿಮಗೆ ಕೆಲಸವಿರಲಿಲ್ಲ.

ವಿಚಾರಣೆಯ ದಿನ ಹೊರಗೆ ಬಂದ ಮೇಲೆ ಆ ಅಧಿಕಾರಿ ಹೇಳಿದ್ದು ಇವತ್ತಿಗೂ ನನ್ನ ತಲೆ ಕೆಡಿಸುತ್ತದೆ: “ಎರಡು ಪಾಲಿಸಿ ಇರೂದು ತಪ್ಪಲ್ರಿ ಯಜಮಾನ್ರ. ಮೊದಲ ಹೇಳಿದ್ರ ಎರಡೂ ಕಂಪನಿ ಕೂಡಿ ಹಂಚಿಕೊಂಡು ಕೊಡತಿದ್ವು.” ಕೊನೆಗೆ ಎರಡು ಕಂಪನಿಗಳೂ ಹಣ ಕೊಡುವುದಿಲ್ಲ ಎಂದು ಕೈಯಲ್ಲಾಡಿಸಿದವು. ತಪ್ಪೇ ಅಲ್ಲದ್ದನ್ನು ಮುಚ್ಚಲು ಹೋಗಿ — ಥೂ, ಎಂಥ ದಡ್ಡತನ! ಅಲ್ಲ, ದಡ್ಡತನ ಎಂದರೂ ನುಣುಚಿಕೊಂಡಂತೆಯೇ. ಫಾರ್ಮಿನ ಮುಂದೆ ನಾನು ದಡ್ಡ. ನಿಮ್ಮ ಹೆಸರು ಹೇಳುವಾಗ ದಡ್ಡನಾಗಿರಲಿಲ್ಲ.

ನೀವು ಕಳ್ಳಕವಟಗಿಯಲ್ಲಿ ತಮ್ಮನ ಮನೆಯಲ್ಲಿದ್ದೀರಂತೆ. ಅವನ ಹೆಂಡತಿ ಬಂದವರ ಮುಂದೆಲ್ಲ ‘ಖೊಟ್ಟಿ ಬಿಲ್ಲಿನಾಕಿ’ ಎಂದು ಆಡಿಕೊಳ್ಳುತ್ತಾಳಂತೆ. ಐದು ವರ್ಷ — ಬಸ್ಸಿಲ್ಲದೆ ಅಲ್ಲ ನಾನು ಬರದೆ ಇದ್ದದ್ದು. ನಿನ್ನೆ ಡಾಕ್ಟರಿಗೆ ಎಲ್ಲವನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬಂದು ನಿಮ್ಮ ತಮ್ಮನ, ಅವನ ಹೆಂಡತಿಯ ಎದುರಿಗೇ ಓದುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ — ಓಣಿಗೆಲ್ಲ ಕೇಳುವ ಹಾಗೆ.