ಅತ್ತೆಯ ಮೂರನೇ ಡಬ್ಬಿ

ನಮ್ಮತ್ತೆ ಏನನ್ನೂ ಎಸೆಯುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆದ ಅನಾಹುತದ ಬೇರು ಇರುವುದೇ ಅಲ್ಲಿ. ಹೊಲಿಗೆಯಲ್ಲಿ ಅವರದು ಎತ್ತಿದ ಕೈ. ಹರಿದ ಅಂಗಿಯ ಗುಂಡಿ, ಸವೆದ ಕೊಕ್ಕೆ, ಯಾವುದೂ ಕಸಕ್ಕೆ ಹೋಗುವುದಿಲ್ಲ, ಎಲ್ಲಕ್ಕೂ ಒಂದೊಂದು ತಗಡಿನ ಡಬ್ಬಿ. ಬೀದಿಯವರು ಅವರನ್ನು ಕರೆಯುವುದೇ ಗುಂಡಿಯಮ್ಮ ಅಂತ. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಒಂದು ಮಿಷನ್ನಿನಲ್ಲಿ ಅವರು, ಇನ್ನೊಂದರಲ್ಲಿ ಸೊಸೆಯಾದ ನಾನು. ಅವರ ಮಿಷನ್ನಿನ ಕೆಳಗೆ ಗೋಣಿಚೀಲದ ಮೇಲೆ ಅವರ ಮುದ್ದಿನ ನಾಯಿ, ದೊರೆ. ಅದಕ್ಕೆ ಸಿಗುವ ಉಪಚಾರ ನನ್ನ ಗಂಡನಿಗೂ ಆ ಮನೆಯಲ್ಲಿ ಸಿಕ್ಕಿದ್ದು ನಾನು ಕಂಡಿಲ್ಲ.

ಗೋಡೆಯಾಚೆ ಬೀಗ ರಿಪೇರಿಯವನ ಮನೆ. ನಾವು ಅವನನ್ನು ಬೀಗದಣ್ಣ ಅನ್ನುತ್ತೇವೆ. ಒಂಟಿ ಮನುಷ್ಯ, ಜೊತೆಗೊಂದು ವಯಸ್ಸಾದ ಹೆಣ್ಣುನಾಯಿ. ಅದರ ಒಂದು ಕಣ್ಣು ಮಂಜಾಗಿತ್ತು, ಹೆಸರು ಮುದುಕಿ. ಎರಡೂ ಮನೆಗೆ ಸೇರಿ ಇರುವುದು ಒಂದೇ ಮೆಟ್ಟಿಲು. ಅದರ ಮೇಲೆ ಬೀಗದಣ್ಣ ಕೀಲಿಕೈಗೆ ಅರ ಉಜ್ಜುತ್ತ ಕೂತರೆ ಮುದುಕಿ ಅವನ ಕಾಲ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು, ದೊರೆ ಹೋಗಿ ಅದರ ಪಕ್ಕದಲ್ಲಿ ಬಿದ್ದುಕೊಳ್ಳುತ್ತಿತ್ತು.

ಒಂದು ದಿನ ದೊರೆಯ ಕಿವಿ ಸವರುತ್ತಿದ್ದ ಅತ್ತೆಯ ಬೆರಳು ಗಕ್ಕನೆ ನಿಂತಿತು. ಕನ್ನಡಕ ಹಾಕಿಕೊಂಡು ನೋಡಿದರೆ ಉಣ್ಣಿ. ರಕ್ತ ಕುಡಿದು ಬೂದು ಬಣ್ಣಕ್ಕೆ ತಿರುಗಿ, ಅಂಗಿಯ ಗುಂಡಿಯಷ್ಟು ಊದಿಕೊಂಡಿತ್ತು. ಕಾಲ್ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಅಡಿಯಲ್ಲಿ ಇನ್ನೂ ಇದ್ದವು. ಪ್ರಾಣಿ ಡಾಕ್ಟರು ಕತ್ತಿನ ಮೇಲೆ ಬಿಡುವ ಔಷಧಿ ಕೊಟ್ಟರು. ಅದನ್ನು ತಿಂಗಳು ತಿಂಗಳೂ ಹಾಕಬೇಕು, ಚಿಮುಟದಲ್ಲಿ ನೆಟ್ಟಗೆ ಹಿಡಿದು ಉಣ್ಣಿ ಕೀಳಬೇಕು, ಕಿತ್ತದ್ದನ್ನು ಸ್ಪಿರಿಟ್ಟಿಗೆ ಹಾಕಬೇಕು, ಮಲಗುವ ಚೀಲ ಬಿಸಿನೀರಲ್ಲಿ ಒಗೆಯಬೇಕು ಅಂದರು. ಇಷ್ಟರಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು ಕೀಳುವುದು ಮಾತ್ರ. ಔಷಧಿ ಒಮ್ಮೆ ಹಾಕಿದರು, ಮತ್ತೆ ಯಾಕೆ, ನನಗೆ ಕೈಯಿಲ್ಲವೇ ಅಂದರು.

ಕಿತ್ತದ್ದನ್ನು ಏನು ಮಾಡುವುದು? ಉಗುರಲ್ಲಿ ಕುಕ್ಕಿದರೆ ರಕ್ತ ಸಿಡಿಯುತ್ತದೆ, ಬಿಳಿ ಬಟ್ಟೆ ಮುಟ್ಟುವ ಕೈ. ಇಸ್ತ್ರಿಪೆಟ್ಟಿಗೆಯ ಪಕ್ಕ, ಅಷ್ಟು ಚಿಂದಿಯ ನಡುವೆ ಸ್ಪಿರಿಟ್ಟಿನ ಸೀಸೆ ಇಡಲು ಅತ್ತೆ ಸುತರಾಂ ಒಪ್ಪಲಿಲ್ಲ. ಕೊನೆಗೆ ಗುಂಡಿ ಡಬ್ಬಿ, ಕೊಕ್ಕೆ ಡಬ್ಬಿಗಳ ಸಾಲಿನಲ್ಲಿ ಮೂರನೆಯದೊಂದು ಡಬ್ಬಿ ಬಂತು. ಇವಕ್ಕೂ ಡಬ್ಬಿ ಬಂತಾ ಅಂತ ನಾನು ನಕ್ಕೆ.

"ಗಾಳಿಯಿಲ್ಲ, ಊಟ ಇಲ್ಲ. ತಾವಾಗೇ ಒಣಗಿ ಸಾಯ್ತವೆ ಬಿಡು" ಅಂದರು ಅತ್ತೆ, ಮುಚ್ಚಳ ಒತ್ತಿ ಹಾಕುತ್ತ. ಡಬ್ಬಿ ಮಿಷನ್ನಿನ ಮೇಲಿನ ಹಲಗೆಗೆ ಹೋಯಿತು.

ಉಣ್ಣಿ ಬಂದದ್ದೆಲ್ಲಿಂದ ಎಂಬ ಪ್ರಶ್ನೆಗೆ ಅತ್ತೆ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು ಕೊಟ್ಟರು: ಪಕ್ಕದ ಮನೆ ಮುದುಕಿಯಿಂದ. ಅದೇನು ಸ್ನಾನ ಕಂಡಿದೆಯೇ, ಔಷಧಿ ಕಂಡಿದೆಯೇ. ಬೀಗದಣ್ಣ ತನ್ನ ನಾಯಿಯನ್ನು ತಲೆಯಿಂದ ಬಾಲದವರೆಗೆ ಹುಡುಕಿ, ಒಂದೂ ಇಲ್ಲವಲ್ಲ ಅಕ್ಕ ಅಂದ. ನಿನ್ನ ಕಣ್ಣಿಗೆ ಬೀಗದ ತೂತು ಬಿಟ್ಟರೆ ಬೇರೇನು ಕಂಡೀತು ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಆದರೆ ದಿನ ಕಳೆದಂತೆ ಉಣ್ಣಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಗಿರಾಕಿಯೊಬ್ಬರ ಹೊಸ ಕೋಟಿನ ತೋಳಿನಲ್ಲೂ ಒಂದು ಹರಿದಾಡಿತು. ಅವರು ಕೋಟನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಅತ್ತೆಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನೆಟ್ಟಗೆ ಹೋಗಿ ಮೆಟ್ಟಿಲ ಮೇಲೆ ನಿಂತರು.

"ನೋಡಪ್ಪ, ಇಲ್ಲಿ ನಿನ್ನ ನಾಯಿ ಇರಬೇಕು, ಇಲ್ಲ ನನ್ನ ಅಂಗಡಿ ಇರಬೇಕು. ಎರಡೂ ಇರಕ್ಕಾಗಲ್ಲ."

ಕೆಲವು ದಿನಗಳಲ್ಲಿ ಊರಾಚೆಯ ಗೋದಾಮಿನವರು ಗಾಡಿ ತಂದರು, ಕಾವಲಿಗೊಂದು ನಾಯಿ ಬೇಕಾಗಿತ್ತಂತೆ. ಬೀಗದಣ್ಣ ಮುದುಕಿಯನ್ನು ಗಾಡಿ ಹತ್ತಿಸಿದ. ಒಂದು ಕಣ್ಣಿನ ನಾಯಿ ಅದೇನು ಕಾವಲು ಕಾದೀತು ಅಂತ ನನಗೆ ಅನ್ನಿಸಿತು. ಅಂದಿನಿಂದ ಬೀಗದಣ್ಣ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟ. ಬಾಗಿಲು ಹಾಕಿಕೊಂಡು ಒಳಗೇ ಅರ ಉಜ್ಜುತ್ತಿದ್ದ.

ಮುದುಕಿ ಹೋಯಿತು, ಉಣ್ಣಿ ಹೋಗಲಿಲ್ಲ. ಅದು ಬಿಟ್ಟುಹೋದ ಬಳುವಳಿ ಅಂದರು ಅತ್ತೆ, ಸುಲಭಕ್ಕೆ ಸೋಲುವವರೇ ಅವರು.

ಹೀಗಿರುವಾಗ ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸಮ್ಮ ತಮ್ಮ ಬಿಳಿ ಕೋಟು ಒಯ್ಯಲು ಬಂದರು. ಒಂದು ಗುಂಡಿ ಕಡಿಮೆಯಿತ್ತು. ಅತ್ತೆ ಹಿತ್ತಲಲ್ಲಿದ್ದರು. ನಾನು ಸ್ಟೂಲು ಹತ್ತಿ ಹಲಗೆಯಿಂದ ಕೈಗೆ ಸಿಕ್ಕ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮೇಜಿನ ಮೇಲೆ ಹರಡಿದ್ದ ಕೋಟಿನ ಮೇಲೇ ಸುರಿದೆ. ಗುಂಡಿ ಆರಿಸಲು ನಾವು ಯಾವಾಗಲೂ ಹಾಗೆಯೇ ಮಾಡುವುದು.

ಒಣಗಿ ಸುರುಟಿದ ಬೂದು ಸಿಪ್ಪೆಗಳು ಬಿದ್ದವು. ಅವುಗಳ ಜೊತೆ ಒಂದು ಹಿಡಿ ಕಂದು ಹುಡಿ. ಥೂ, ತಪ್ಪು ಡಬ್ಬಿ ಎಂದು ಕೊಡವಲು ಕೈ ಚಾಚಿದೆ. ಹುಡಿ ನಡೆಯತೊಡಗಿತು.

ಸೂಜಿಮೊನೆಯಷ್ಟಿದ್ದ ಮರಿಗಳು, ಲೆಕ್ಕವೇ ಇಲ್ಲ, ಬಿಳಿ ಬಟ್ಟೆಯ ಮೇಲೆ ನಾಲ್ಕೂ ಕಡೆಗೆ ಹರಿದು ನನ್ನ ಬೆರಳು ಹತ್ತುತ್ತಿದ್ದವು. ಅತ್ತೇ ಎಂದು ಹಿತ್ತಲ ಕಡೆಗೆ ಕೂಗಿದೆ. ನರ್ಸಮ್ಮ ಹಿಂದೆ ಹಿಂದೆ ಸರಿಯುತ್ತ ಬೀದಿಗೇ ಇಳಿದರು. ಅಲ್ಲಿಂದಲೇ ಬೆರಳು ಮಾಡಿ ಗೋಡೆ ತೋರಿಸಿದರು. ಡಬ್ಬಿ ಇಟ್ಟಿದ್ದ ಜಾಗದಿಂದ ತೆಳ್ಳನೆಯ ಕಂದು ಗೆರೆಯೊಂದು ಗೋಡೆಗುಂಟ ಇಳಿದಿತ್ತು. ನೇರವಾಗಿ ದೊರೆಯ ಗೋಣಿಚೀಲಕ್ಕೆ. ಕೈಯಲ್ಲಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅದರ ಮೂಲೆ ನೆಗ್ಗಿ, ಮುಚ್ಚಳ ಒಂದು ಕಡೆ ಕೂತೇ ಇರಲಿಲ್ಲ.

ಅತ್ತೆ ಓಡಿ ಬಂದ ಮೇಲೆ ಗೋಡೆಗೆ, ನೆಲಕ್ಕೆ ಕುದಿನೀರು ಸುರಿದೆವು, ಚೀಲ ಸುಟ್ಟೆವು, ಕೋಟನ್ನೂ ಡಬ್ಬಿಯನ್ನೂ ಕುದಿಯುವ ಹಂಡೆಗೆ ಹಾಕಿದೆವು. ಡಾಕ್ಟರಿಗೆ ಫೋನು ಮಾಡಿದರೆ, ರಕ್ತ ಕುಡಿದ ಹೆಣ್ಣು ಉಣ್ಣಿ ಸಾಯುವ ಮುಂಚೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಅದಕ್ಕೇ ಸ್ಪಿರಿಟ್ಟು ಅಂದದ್ದು ಎಂದರು. ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು. 

"ಹಂಗಾದ್ರೆ ಆ ಮುದುಕಿ?" ಅಂದರು.

ನಾನು ಉತ್ತರ ಕೊಡುವ ಮೊದಲೇ ಚಪ್ಪಲಿ ಮೆಟ್ಟಿದ್ದರು. ಬಸ್ಸು ಹಿಡಿದು ಗೋದಾಮಿಗೆ ಹೋದೆವು. ಚೀಲದ ರಾಶಿಗಳ ಹಿಂದೆ, ಗಿಡ್ಡ ಸರಪಳಿಯಲ್ಲಿ ಮುದುಕಿ ಬಿದ್ದಿತ್ತು. ಅತ್ತೆಯ ದನಿ ಕೇಳಿ ತಲೆಯೆತ್ತಿತು, ಬಾಲ ಆಡಿಸಿತು, ತೆವಳಿ ಬಂದು ಅವರ ಮಡಿಲಲ್ಲಿ ಗದ್ದ ಇಟ್ಟಿತು. ಓಡಿಸಿದವರು ಇವರೇ ಅಂತ ಅದಕ್ಕೇನು ಗೊತ್ತು. ಅತ್ತೆ ಅದರ ಕಿವಿ ಮಡಚಿ ನೋಡಿದರು. ಒಳಗೆ ಸೂಜಿಮೊನೆ ಇಡಲೂ ಜಾಗವಿಲ್ಲದಂತೆ ಉಣ್ಣಿ. ಕತ್ತಿನಲ್ಲಿ, ಕಂಕುಳಲ್ಲಿ, ಕಣ್ಣಿನ ರೆಪ್ಪೆಯ ಮೇಲೂ. ನಮ್ಮ ಬೀದಿಯಿಂದ ಹೋಗುವಾಗ ಒಂದೂ ಇಲ್ಲದ ನಾಯಿ ಅದು, ಎಲ್ಲ ಗೋದಾಮಿನಲ್ಲಿ ಹತ್ತಿದ್ದು. ಎತ್ತಿ ನಿಲ್ಲಿಸಿದರೆ ಕಾಲು ನಡುಗಿತು. ಇದು ಯಾವ ಉಪಯೋಗಕ್ಕೂ ಬರಲಿಲ್ಲ, ಒಯ್ಯಿರಿ ಅಂದ ಕಾವಲುಗಾರ.

ದಾರಿಯಲ್ಲಿ ಡಾಕ್ಟರ ಬಳಿ ಇಳಿದೆವು. ರಕ್ತ ತುಂಬಾ ಇಳಿದಿದೆ, ಉಳಿಯುತ್ತದೆ ಅಂತ ಮಾತು ಕೊಡಲಾರೆ ಎಂದು ಔಷಧಿ ಬಿಟ್ಟು, ಸೂಜಿ ಚುಚ್ಚಿ ಕಳಿಸಿದರು. ಅತ್ತೆ ಹೊಲಿಗೆಯ ದಾರ ಕೀಳುವ ಚಿಮುಟ ಹಿಡಿದು, ಡಾಕ್ಟರು ಕೊಟ್ಟ ಸ್ಪಿರಿಟ್ಟಿನ ಸೀಸೆಗೆ ಒಂದೊಂದೇ ಹಾಕುತ್ತ ಮನೆಯ ಮೆಟ್ಟಿಲವರೆಗೂ ಕಿತ್ತರು. ಆಮೇಲೆ ಪಕ್ಕದ ಬಾಗಿಲು ತಟ್ಟಿದರು.

ಬೀಗದಣ್ಣ ಅರ ಹಿಡಿದೇ ಬಾಗಿಲು ತೆರೆದ.

"ನಮ್ಮನೆ ಉಣ್ಣಿ ನನ್ನ ಡಬ್ಬಿಯಿಂದಲೇ ಬಂದಿದ್ದಪ್ಪ. ನಿನ್ನ ನಾಯಿದು ಏನೂ ತಪ್ಪಿರಲಿಲ್ಲ" ಅಂದರು ಅತ್ತೆ. ಅವರು ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವನು ಅರ ಕೆಳಗಿಟ್ಟು, ಮುದುಕಿಯನ್ನು ಅತ್ತೆಯ ಕೈಯಿಂದ ತಗೊಂಡು ಎದೆಗೊತ್ತಿಕೊಂಡ.

"ನೀವು ಅಷ್ಟು ಖಂಡಿತವಾಗಿ ಹೇಳಿದ್ರಲ್ಲ ಅಕ್ಕ, ನಾನೂ ನಂಬಿಬಿಟ್ಟೆ. ಗಾಡಿ ಹತ್ತಿಸೋವಾಗ ನನ್ನ ಕೈ ನೆಕ್ಕಕ್ಕೆ ಬಂತು. ಗದರಿಸಿ ದೂರ ತಳ್ಳಿದೆ."

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಬಾಗಿಲಲ್ಲಿ ಮುದುಕಿ ಅವನ ಕೈ ನೆಕ್ಕುತ್ತಿತ್ತು.