ರಂಬುಟಾನ್ ಕೊಂಬೆಗೆ ಅವಳು ಹಾಕಿದ ಗಂಟು

ನಮ್ಮ ರಂಬುಟಾನ್ ಮರ ಕಾಯಿ ಬಿಟ್ಟಿದೆ! ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಪೆನ್ನು ಹಿಡಿದು ಕೂತಿರುವುದು ಅದನ್ನು ಹೇಳುವುದಕ್ಕೇ. ಕೇಳಬೇಕಾದವಳು ಮಾತ್ರ ಇಲ್ಲ.

ಮಗಳನ್ನು ಊರಲ್ಲೇ ಕೊಟ್ಟಿದ್ದೆವು. ಅವಳ ಹೆರಿಗೆಗೆಂದು ಚನ್ನಪಟ್ಟಣದ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯವರು ನನ್ನ ಹೆಂಡತಿಗೆ ಆ ಹಣ್ಣು ಕೊಟ್ಟರಂತೆ. "ಮೈಯೆಲ್ಲಾ ಕೆಂಪು ಕೂದ್ಲು ಕನಯ್ಯ, ಒಳಗೆ ಸಕ್ರೆ ನೀರಲ್ಲಿ ಅದ್ದಿದ ಎಳೇ ತಾಟಿನುಂಗಿನಂಗೆ ಬಿಳೀ ತಿರುಳು!" ಎಂದಳು. ನನಗೆ ಒಂದೂ ಉಳಿಸಿರಲಿಲ್ಲ. ಮೊಮ್ಮಗಳು ಹುಟ್ಟಿದ ದಿನ ತಿಂದ ಹಣ್ಣೆಂದು ಕಸಿ ಗಿಡ ಹುಡುಕಿ ತಂದು, ಹಿಪ್ಪುನೇರಳೆ ತೋಟದಂಚಿಗೆ, ಬಚ್ಚಲ ನೀರು ಹರಿಯುವ ಕಡೆ ನೆಟ್ಟಳು. ಬೇಸಿಗೆಯಲ್ಲಿ ಹಳೇ ಸೀರೆ ಕಟ್ಟಿ ನೆರಳು ಮಾಡಿದಳು.

ಏಳು ವರ್ಷವಾಯಿತು. ಹೂ ಬರುತ್ತಿತ್ತು, ಉದುರುತ್ತಿತ್ತು. ಫಲ ಬಿಡದ ಮರಕ್ಕೆ ಹಳೇ ಚಪ್ಪಲಿ ಕಟ್ಟಿದರೆ ನಾಚಿಕೊಂಡು ಕಾಯಿ ಬಿಡುತ್ತದೆನ್ನುತ್ತಾರೆ ನಮ್ಮ ಕಡೆ. ಅವಳು ನನ್ನ ಚಪ್ಪಲಿ ಎತ್ತಿಕೊಂಡಳು.

"ನಂದ್ಯಾಕಮ್ಮಿ? ನಿಂದೇ ಕಟ್ಟು."

"ಸುಮ್ಕಿರಯ್ಯ. ನಿನ್ ಚಪ್ಪಲಿ ವಾಸ್ನೆಗೆ ಮರ ದಿಗಿಲುಬಿದ್ದಾದ್ರೂ ಕಾಯಿ ಬುಡ್ಲಿ. ಬುಟ್ಟ ದಿನ ನಾನೇ ಬಿಚ್ತೀನಿ. ಇನ್ಯಾರೂ ಮುಟ್ಬ್ಯಾಡಿ."

ತನ್ನ ಹಸಿರು ಸೀರೆಯಂಚು ಹರಿದು, ಚಪ್ಪಲಿಯನ್ನು ಕೊಂಬೆಗೆ ಕಟ್ಟಿ ಬಿಗಿಯಾಗಿ ಗಂಟು ಹಾಕಿದಳು. ಆ ವರ್ಷದ ದೀಪಾವಳಿ ಕಳೆದ ಮೇಲೆ ಜ್ವರ ಬಂದು, ಹತ್ತೇ ದಿನಕ್ಕೆ ಹೊರಟುಹೋದಳು.

ನಾನು ಗಂಟು ಮುಟ್ಟಲಿಲ್ಲ. ಮರ ಇನ್ನೊಂದು ವರ್ಷ ಹೂ ಉದುರಿಸಿತು.

ಹೋದ ವಾರ ಮೊಮ್ಮಗಳು ಕೂಗಿದಳು. "ತಾತೋ, ಓಡ್ಬಾ! ಕೆಂಪಗೈತೆ!"

ಹನ್ನೊಂದು ಹಣ್ಣು! ಕಾಲುನೋವು ಮರೆತು ಕುಣಿದೆ. ಬೀದಿಯವರನ್ನೆಲ್ಲ ಕರೆದು ತೋರಿಸಿದೆ. ಅಷ್ಟರಲ್ಲಿ ಮೊಮ್ಮಗಳು, "ತಾತ, ಬಟ್ಟೆ ಕೊಂಬೆನ ಕುಯ್ತೈತೆ" ಎಂದಳು. ನಿಜ. ಕೊಂಬೆ ದಪ್ಪವಾಗಿ, ಸೀರೆಯಂಚು ತೊಗಟೆಯೊಳಗೆ ಇಳಿದಿತ್ತು. ಹಣ್ಣೆಲ್ಲ ಅದೇ ಕೊಂಬೆಯಲ್ಲಿ. ಹಾಗೇ ಬಿಟ್ಟರೆ ಒಣಗಿಬಿಡುತ್ತದೆ.

"ಕುಡ್ಲು ತರ್ಲಾ, ಕುಯ್ಯಕ್ಕೆ?"

"ಬ್ಯಾಡ ಕನವ್ವ. ಬಿಚ್ಚಾನ."

ಉಗುರಿನಿಂದ ಕೆದಕಿ ಕೆದಕಿ ಬಿಚ್ಚಿದೆ. ಬಹಳ ಹೊತ್ತು ಹಿಡಿಯಿತು. ನನ್ನ ಚಪ್ಪಲಿ ಕಳಚಿ ಕೆಳಗೆ ಬಿತ್ತು. ಎರಡು ವರ್ಷದ ಬಿಸಿಲಿಗೆ ಬಟ್ಟೆ ಬೂದಿಯ ಬಣ್ಣವಾಗಿತ್ತು. ಗಂಟಿನೊಳಗೆ ಮಾತ್ರ ಅವಳು ಉಟ್ಟ ದಿನದಷ್ಟೇ ಹಸಿರು. ಅದನ್ನು ಹಿಡಿದು ಅಲ್ಲೇ ಮರದ ಬುಡದಲ್ಲಿ ಕೂತೆ.

ಮೊಮ್ಮಗಳು ಒಂದು ಹಣ್ಣು ಸುಲಿದು ನನ್ನ ಬಾಯಿಗಿಟ್ಟಳು.

"ಹೆಂಗೈತೆ ತಾತ?"

"ನಿಮ್ಮಜ್ಜಿ ಹೇಳಿದ್ದಂಗೇ ಐತೆ, ಮಗ."