ಅಣಕು ಸಿನಿಮಾದಲ್ಲಿ ನನ್ನ ಪಾಲು

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮದು ಗಾದಿ ಹೊಲಿಯುವ ಅಂಗಡಿ. ನಾವು ಮುಸಲ್ಮಾನರು. ಆದರೆ ಮನೆಯಲ್ಲಿ ಮಾತು, ಬೈಗುಳ, ಅಳು ಎಲ್ಲ ಕನ್ನಡದಲ್ಲೇ. ನಮ್ಮಜ್ಜಿಯ ಅಜ್ಜಿಗೂ ಬೇರೆ ಭಾಷೆ ಬರುತ್ತಿರಲಿಲ್ಲವಂತೆ. ನಾನು ನವನಗರದಲ್ಲಿ ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತೇನೆ. ನಾನು ಕುಣಿಯುವುದನ್ನು ಅಪ್ಪ ಒಮ್ಮೆಯೂ ನೋಡಿರಲಿಲ್ಲ. ನೆಂಟರು ಆಡಿಕೊಂಡರೆ ನನ್ನ ಪರವಾಗಿ ಜಗಳಕ್ಕೇ ನಿಲ್ಲುತ್ತಿದ್ದ. ನೋಡಲು ಬಾ ಎಂದರೆ ಮಾತ್ರ ಮುಖ ತಿರುಗಿಸುತ್ತಿದ್ದ.

"ನಾಲ್ಕ ಮಂದಿ ನಡುವ ಕುಂತು ಮಗಳ ಕುಣತ ನೋಡಾಕ ನನಗ ನಾಚಿಕಿ ಬರ್ತೈತವ್ವಾ. ಸಿನಿಮಾದಾಗ ಬಾ, ನೋಡ್ತೇನಿ. ಅಲ್ಲಿ ಕತ್ತಲಿ ಇರ್ತೈತಿ."

ಹಾಗೇ ಆಯಿತು. ಬೆಂಗಳೂರಿನ ಸಿನಿಮಾದವರು ಡ್ಯಾನ್ಸರ್‌ಗಳನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಬಂದರು. ಡ್ಯಾನ್ಸ್ ಸಿನಿಮಾಗಳನ್ನೇ ಅಣಕಿಸುವ ಸಿನಿಮಾ ಅದು. ನಿರ್ದೇಶಕ ವಿವರಿಸಿದ: "ಆ ಸಿನಿಮಾಗಳಲ್ಲಿ ಟೀಮ್ ಅಂದ್ರೆ ಒಬ್ಬ ದಪ್ಪಗಿರೋನು, ಒಬ್ಬ ಕಪ್ಪಗಿರೋನು, ಒಬ್ಳು ಮುಸ್ಲಿಂ ಹುಡುಗಿ, ಸುಮ್ನೆ ಲೆಕ್ಕಕ್ಕೆ ಇಟ್ಟಿರ್ತಾರೆ. ಅದನ್ನೇ ನಾವು ಗೇಲಿ ಮಾಡ್ತಿರೋದು."

ನನಗೆ ಖುಷಿಯಾಯಿತು. ಕೊನೆಗೂ ಯಾರಿಗೋ ಬುದ್ಧಿ ಬಂತು ಅಂದುಕೊಂಡೆ. ಗೇಲಿ ಮಾಡಲಿಕ್ಕೆಂದು ಅವರೂ ಒಬ್ಬ ದಪ್ಪಗಿನವನನ್ನು, ಒಬ್ಬ ಕಪ್ಪಗಿನವನನ್ನು, ನನ್ನನ್ನು ತಂದು ಸಾಲಾಗಿ ನಿಲ್ಲಿಸಿದರು. ನನ್ನ ಕೈಗೆ ಒಂದು ಬುರ್ಖಾ ಬಂತು. ಜನ್ಮದಲ್ಲಿ ನಾನು ಅದನ್ನು ತೊಟ್ಟವಳಲ್ಲ. ಅದರ ಅಂಚು ತುಳಿದು ಬಿದ್ದು, ನನ್ನ ಜೊತೆ ಸಾಲಿನವರನ್ನೆಲ್ಲ ಕೆಡವಬೇಕಂತೆ. ಬೀಳುವ ಮೊದಲು "ನಮ್ದುಕೆ ಡ್ಯಾನ್ಸ್ ಬರ್ತೈತೆ ಸಾಮಿ" ಎನ್ನಬೇಕಂತೆ.

"ಹಿಂಗ ಯಾರೂ ಮಾತಾಡೂದಿಲ್ರಿ ಸರ್. ನಮ್ಮ ಮನ್ಯಾಗ ನಾವು ಹಿಂಗ, ಈಗ ನಿಮ್ಮ ಜೋಡಿ ಮಾತಾಡಾಕತ್ತೇನಲ್ರಿ, ಹಿಂಗ ಮಾತಾಡ್ತೇವಿ."

"ನಿಮ್ಮೋರು ಹೀಗೆ ಮಾತಾಡ್ತಾರೆ ಅಂದ್ರೆ ಜನ ನಂಬಲ್ಲಮ್ಮ" ಎಂದ.

ಮೈಯೆಲ್ಲ ಉರಿದುಹೋಯಿತು. ನನ್ನ ಮನೆಮಾತನ್ನು ನಂಬಲು ಇವರ ಅಪ್ಪಣೆ ಬೇಕೇ? ಅಲ್ಲೇ ಬುರ್ಖಾ ಬಿಸಾಕಿ ಬರಬೇಕಿತ್ತು. ಆದರೆ ಅಪ್ಪ ನೋಡುತ್ತೇನೆ ಅಂದಿದ್ದನಲ್ಲ. ಬೀಳುತ್ತೇನೆ, ಆದರೆ ಸಿನಿಮಾದ ಕೊನೆಯಲ್ಲಿ ಬರುವ ಡ್ಯಾನ್ಸ್ ಪಂದ್ಯದಲ್ಲಿ ಬುರ್ಖಾ ಇಲ್ಲದೆ ನನಗೊಂದು ಪೂರ್ತಿ ಕುಣಿತ ಕೊಡಬೇಕು ಎಂದು ಪಟ್ಟು ಹಿಡಿದೆ. ಒಪ್ಪಿದ. ಅದನ್ನು ಚಿತ್ರೀಕರಿಸಿದ ದಿನ ಲೈಟಿನವರೂ ಚಪ್ಪಾಳೆ ಹೊಡೆದರು. ಮನೆಗೆ ಬಂದು ಅಪ್ಪನಿಗೆ ಆ ಕುಣಿತದ ಬಗ್ಗೆ ಮಾತ್ರ ಹೇಳಿದೆ.

ಸಿನಿಮಾ ಬಂದಾಗ ಅಪ್ಪ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು ಬಂದ. ಬುರ್ಖಾದ ದೃಶ್ಯ ಬಂತು. ಮುಖ ಮುಚ್ಚಿತ್ತು. ದನಿಯೂ ನನ್ನದಲ್ಲ, ಬೇರೆ ಯಾರಿಂದಲೋ ಆ "ನಮ್ದುಕೆ"ಯನ್ನು ಕೀರಲು ಕಂಠದಲ್ಲಿ ಹೇಳಿಸಿದ್ದರು. ನಾನು ಬಿದ್ದೆ. ಟಾಕೀಸಿನ ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಅಪ್ಪನೂ ಕಣ್ಣೊರೆಸಿಕೊಂಡು ನಗುತ್ತಿದ್ದ. ನಾನು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದು, ಕೊನೆಯ ಪಂದ್ಯ ಬರಲಿ ಎಂದು ಕಾದೆ.

ಪಂದ್ಯ ಬಂತು. ನಾಯಕಿ ಕುಣಿದಳು, ಗೆದ್ದಳು, ಮುಗಿಯಿತು. ನನ್ನ ಕುಣಿತ ಎಲ್ಲೂ ಇರಲಿಲ್ಲ. ತೆಗೆದೇಬಿಟ್ಟಿದ್ದರು, ನನಗೊಂದು ಮಾತೂ ಹೇಳದೆ.

ಲೈಟು ಹತ್ತಿತು. ಜನ ಎದ್ದು ಹೊರಟರು. ಅಪ್ಪ ಮಾತ್ರ ತೆರೆಯ ಮೇಲೆ ಓಡುವ ಹೆಸರುಗಳನ್ನು ನೋಡುತ್ತ ಕೂತೇ ಇದ್ದ.

"ನಿಂದು ಇನ್ನ ಬರೂದೈತೇನವ್ವಾ?"

"ಇಲ್ಲಪ್ಪಾ. ತಗದಾರ."

ಅಪ್ಪನ ಮುಖ ಕೆಂಪಾಯಿತು. ನನಗಾಗಿ ನೆಂಟರ ಮೇಲೆ ಏರಿಹೋಗುತ್ತಿದ್ದಾಗಿನ ಅದೇ ಸಿಟ್ಟು.

"ಇದೆಂಥಾ ಅನ್ಯಾಯವ್ವಾ? ಆ ಬಿದ್ದಾಕೀನ ಇಟ್ಕೊಂಡು ನಿನ್ನ ತಗದಾರ?"